ಕರಾವಳಿಯಿಂದ ಘಾಟಿ ಏರುವವರಿಗೆ ಯಾವ ಅಡ್ವೆಂಚರ್ ಬೈಕು?

ಅಡ್ವೆಂಚರ್ ಬೈಕು, ಅಂದರೆ ಟಾರು ರಸ್ತೆಯಲ್ಲೂ ಕಚ್ಚಾ ದಾರಿಯಲ್ಲೂ ದೂರ ಓಡಬಲ್ಲ ಎತ್ತರದ ಬೈಕು, ಕೊಳ್ಳಲು ಹೊರಟವರ ಕಣ್ಣ ಮುಂದೆ ಸಾಮಾನ್ಯವಾಗಿ ಲಡಾಖ್ ಇರುತ್ತದೆ. ಆದರೆ ಮಂಗಳೂರಿನಲ್ಲೋ ಉಡುಪಿಯಲ್ಲೋ ಮನೆಯಿರುವವರು ಲಡಾಖಿಗೆ ಜೀವಮಾನದಲ್ಲಿ ಒಂದೆರಡು ಸಲ ಹೋದರೆ ಹೆಚ್ಚು. ಉಳಿದ ದಿನಗಳಲ್ಲಿ ಅದೇ ಬೈಕು ಏಪ್ರಿಲ್ ತಿಂಗಳ ಸೆಕೆಯಲ್ಲಿ ನಂತೂರು ಸರ್ಕಲ್ಲಿನಲ್ಲಿ ಕಾದು ನಿಂತಿರುತ್ತದೆ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎಕ್ಸ್‌ಪ್ರೆಸ್ ಬಸ್ಸುಗಳಿಗೆ ದಾರಿ ಬಿಟ್ಟುಕೊಡುತ್ತಿರುತ್ತದೆ, ಭಾನುವಾರ ಆಗುಂಬೆಯನ್ನೋ ಚಾರ್ಮಾಡಿಯನ್ನೋ ಏರುತ್ತದೆ, ವರ್ಷದ ನಾಲ್ಕು ತಿಂಗಳು ಮಳೆಯಲ್ಲಿ ನೆನೆಯುತ್ತದೆ. ಹಾಗಾಗಿ ಸೋಮೇಶ್ವರದಿಂದ ಆಗುಂಬೆಗೆ ಏರುವ 14 ಹೇರ್‌ಪಿನ್ ತಿರುವುಗಳನ್ನೂ, ಅವುಗಳ ಬುಡದಲ್ಲಿರುವ ಕಡಲಿನ ಉಪ್ಪುಗಾಳಿಯನ್ನೂ ಅಳತೆಗೋಲಾಗಿ ಇಟ್ಟುಕೊಂಡು ಈ ಹೋಲಿಕೆಯನ್ನು ಬರೆದಿದ್ದೇನೆ.

ಹೋಲಿಕೆಗೆ ಆರಿಸಿಕೊಂಡಿರುವುದು ನಾಲ್ಕು ಬೈಕುಗಳನ್ನು: ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450, ಕೆಟಿಎಂ 390 ಅಡ್ವೆಂಚರ್ ಎಕ್ಸ್, ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಮತ್ತು ಹೀರೋ ಎಕ್ಸ್‌ಪಲ್ಸ್ 210. ಇವುಗಳಿಗಿಂತ ದೊಡ್ಡವು, ಅಂದರೆ 471 ಸಿಸಿಯ ಹೋಂಡಾ ಎನ್‌ಎಕ್ಸ್500ರಿಂದ 776 ಸಿಸಿಯ ಸುಜುಕಿ ವಿ-ಸ್ಟ್ರಾಮ್ 800 ಡಿಇವರೆಗಿನವು, ಒಳ್ಳೆಯ ಯಂತ್ರಗಳೇ. ಆದರೆ ಎದುರಿನಿಂದ ಬಸ್ಸು ಬಂದರೆ ಚರಂಡಿಯ ಅಂಚಿಗೆ ಸರಿಯಬೇಕಾದ ಚಾರ್ಮಾಡಿಯಂಥ ದಾರಿಯಲ್ಲಿ ಅವುಗಳ ಶಕ್ತಿಯ ಮುಕ್ಕಾಲು ಪಾಲು ಬಳಕೆಯಾಗದೆ ಉಳಿಯುತ್ತದೆ ಮತ್ತು ತೂಕ ಮಾತ್ರ ಪೂರ್ತಿ ಬಳಕೆಯಾಗುತ್ತದೆ. ಆದ್ದರಿಂದ ಅವನ್ನು ಇಲ್ಲಿಗೇ ಬಿಟ್ಟಿದ್ದೇನೆ.

ಬೈಕನ್ನು ಅಳೆಯಲು ನಾನು ಬಳಸುವ ದಾರಿ ಒಂದಿದೆ. ಉಡುಪಿಯಿಂದ ಹೆಬ್ರಿ, ಸೋಮೇಶ್ವರ, ಆಗುಂಬೆಯ ಮೂಲಕ ಶೃಂಗೇರಿಗೆ ಹೋಗಿ, ಕೆರೆಕಟ್ಟೆ, ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಗಡಿ), ಮಾಳ, ಬಜಗೋಳಿಯ ಮೂಲಕ ಕಾರ್ಕಳಕ್ಕಿಳಿದು ಮತ್ತೆ ಉಡುಪಿ ಸೇರುವ ಸುತ್ತು. 200 ಕಿಲೋಮೀಟರಿನೊಳಗೆ ಮುಗಿಯುವ ಈ ಸುತ್ತಿನಲ್ಲಿ ನೇರ ರಸ್ತೆ, ಪೇಟೆಯ ದಟ್ಟಣೆ, ಎರಡನೇ ಗೇರಿನ ತಿರುವುಗಳು, ಕುದುರೆಮುಖ ಕಾಡಿನ ಒದ್ದೆ ನೆರಳು, ಮರದ ಬುಡದಿಂದ ರಸ್ತೆಗೆ ಹರಿದು ಬಂದ ಕೆಂಪು ಮಣ್ಣು ಎಲ್ಲವೂ ಸಿಗುತ್ತವೆ. ಗಂಟೆಗೆ 120 ಕಿಲೋಮೀಟರ್ ವೇಗ ಬೇಕಾಗುವ ಜಾಗ ಮಾತ್ರ ಎಲ್ಲಿಯೂ ಸಿಗುವುದಿಲ್ಲ. ಕರಾವಳಿಯ ಸವಾರ ಕಾಗದದ ಮೇಲಿನ ಅಂಕಿಗಳನ್ನು ಓದುವಾಗ ಈ ಕೊನೆಯ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಆರಾಮದ ವಿಷಯ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಅಲ್ಲಿಯೇ. ಶೋರೂಮಿನಲ್ಲಿ ಐದು ನಿಮಿಷ ಕುಳಿತು ಸೀಟು ಮೆತ್ತಗಿದೆ ಎಂದು ಒತ್ತಿ ನೋಡುವುದು ಸುಲಭ. ಆದರೆ ಮೆತ್ತನೆಯ ಸೀಟು ಎರಡನೇ ಗಂಟೆಯಲ್ಲಿ ಕುಸಿದು ಕೆಳಗಿನ ಗಟ್ಟಿ ತಟ್ಟೆ ತಾಗತೊಡಗುತ್ತದೆ, ಸ್ವಲ್ಪ ಗಡುಸಾದ ಅಗಲ ಸೀಟು ಮೂರನೇ ಗಂಟೆಯಲ್ಲೂ ಹಾಗೆಯೇ ಇರುತ್ತದೆ. ಈ ದೃಷ್ಟಿಯಿಂದ ಹಿಮಾಲಯನ್ 450 ಮತ್ತು ವಿ-ಸ್ಟ್ರಾಮ್ ಎಸ್‌ಎಕ್ಸ್ ಮುಂದಿವೆ. ಹಿಮಾಲಯನ್‌ನಲ್ಲಿ ಮುಂದಕ್ಕೂ ಹಿಂದಕ್ಕೂ ತಲಾ 200 ಮಿ.ಮೀ. ಸಸ್ಪೆನ್ಷನ್ ಚಲನೆಯಿದ್ದು (ಚಕ್ರ ಮೇಲೆಕೆಳಗೆ ಆಡಬಲ್ಲ ದೂರ), ರಸ್ತೆಯ ಗುಂಡಿ ಕೈಗೆ ತಲುಪುವ ಮೊದಲೇ ಬಹುಪಾಲು ಕರಗಿಹೋಗುತ್ತದೆ. ಮುಂದಿನ 21 ಇಂಚಿನ ಚಕ್ರ ಗುಂಡಿಯೊಳಗೆ ಬೀಳುವುದಕ್ಕಿಂತ ಹೆಚ್ಚಾಗಿ ಅದರ ಮೇಲೆ ಉರುಳಿಹೋಗುತ್ತದೆ. ಜುಲೈ ತಿಂಗಳಲ್ಲಿ ಗುಂಡಿಯ ಆಳವನ್ನು ನೀರು ಮುಚ್ಚಿರುವಾಗ ಈ ಗುಣದ ಬೆಲೆ ತಿಳಿಯುತ್ತದೆ. ಇದಕ್ಕೆ ತೆರಬೇಕಾದ ದಂಡವೂ ಉಂಟು: ದೊಡ್ಡ ಚಕ್ರ ತಿರುವಿಗೆ ಬಾಗಲು ನಿಧಾನ ಮಾಡುತ್ತದೆ, ಆಗುಂಬೆಯ ಹೇರ್‌ಪಿನ್‌ಗಳಲ್ಲಿ ಭುಜದ ಕೆಲಸ ಹೆಚ್ಚುತ್ತದೆ. ಸುಜುಕಿ ಮತ್ತು ಕೆಟಿಎಂ ಎಕ್ಸ್‌ಗಳ 19 ಇಂಚಿನ ಮುಂಚಕ್ರ ನಡುವಿನ ದಾರಿ ಹಿಡಿದಿದೆ. ಟಾರು ಮತ್ತು ಕಾಂಕ್ರೀಟಿನ ಮೇಲೆಯೇ ನೂರಕ್ಕೆ ತೊಂಬತ್ತು ಪಾಲು ಓಡುವವರಿಗೆ ಇದೇ ಸರಿಯಾದ ಅಳತೆ ಎಂಬುದು ನನ್ನ ಅಭಿಪ್ರಾಯ.

ಕರಾವಳಿಯಲ್ಲಿ ಆರಾಮವೆಂದರೆ ಶಾಖದ ಪ್ರಶ್ನೆಯೂ ಹೌದು. ಹಿಮಾಲಯನ್, ಕೆಟಿಎಂ ಮತ್ತು ಎಕ್ಸ್‌ಪಲ್ಸ್ 210ರ ಎಂಜಿನುಗಳು ದ್ರವದಿಂದ ತಂಪಾಗುವಂಥವು. ದಟ್ಟಣೆಯಲ್ಲಿ ನಿಂತಾಗ ರೇಡಿಯೇಟರ್ ಫ್ಯಾನ್ ತಿರುಗತೊಡಗಿ ಎಂಜಿನನ್ನು ಕಾಪಾಡುತ್ತದೆ, ಆ ಬಿಸಿಗಾಳಿಯಲ್ಲಿ ಒಂದಿಷ್ಟು ಸವಾರನ ಮೊಣಕಾಲಿಗೂ ಬರುತ್ತದೆ. ಒಣ ಹವೆಯ ಊರಿನಲ್ಲಿ ಇದು ದೊಡ್ಡ ಮಾತಲ್ಲ. ಬೆವರು ಆರದ ನಮ್ಮ ಮೇ ತಿಂಗಳಲ್ಲಿ ಪಂಪ್‌ವೆಲ್‌ನಿಂದ ಕೊಟ್ಟಾರ ಚೌಕಿ ದಾಟುವಷ್ಟರಲ್ಲಿ ಮಾತು ದೊಡ್ಡದಾಗಿಯೇ ಕೇಳಿಸುತ್ತದೆ. ಸುಜುಕಿಯ 249 ಸಿಸಿ ಎಂಜಿನಿಗೆ ಎಣ್ಣೆಯಿಂದ ತಂಪು ಮಾಡುವ ವ್ಯವಸ್ಥೆ. ರೇಡಿಯೇಟರ್ ನೀರಿಲ್ಲ, ಎಂಜಿನ್ ಹೊರಹಾಕುವ ಒಟ್ಟು ಶಾಖವೂ ಕಡಿಮೆ. ದಿನಾ ಸುರತ್ಕಲ್‌ನಿಂದ ಹಂಪನಕಟ್ಟೆಗೆ ಕಚೇರಿಗೆಂದು ಹೋಗಿಬರುವವರು ಈ ಒಂದು ಕಾರಣಕ್ಕಾಗಿಯೇ ಸುಜುಕಿಯ ಕಡೆ ವಾಲಿದರೆ ಅವರನ್ನು ತಪ್ಪೆನ್ನಲಾರೆ.

ಇನ್ನು ತೂಕ ಮತ್ತು ಎತ್ತರ. ಸೀಟಿನ ಎತ್ತರವನ್ನು ಎಲ್ಲರೂ ಕೇಳುತ್ತಾರೆ. ಹಿಮಾಲಯನ್‌ನದು 825 ಅಥವಾ 845 ಮಿ.ಮೀ.ಗೆ ಹೊಂದಿಸಬಹುದಾದದ್ದು, ಬೇರೆ ಸೀಟು ಹಾಕಿದರೆ 805ಕ್ಕೆ ಇಳಿಯುತ್ತದೆ. ಕೆಟಿಎಂ ಎಕ್ಸ್ 825, ಎಕ್ಸ್‌ಪಲ್ಸ್ 210 ಸುಮಾರು 830, ಸುಜುಕಿ 835. ಅಂಕಿಗಳಲ್ಲಿ ವ್ಯತ್ಯಾಸ ಬೆರಳಿನ ಅಗಲದಷ್ಟೇ. ನಿಜವಾದ ವ್ಯತ್ಯಾಸ ಇರುವುದು ತೂಕದಲ್ಲಿ: ಹಿಮಾಲಯನ್ 196 ಕಿಲೋ, ಕೆಟಿಎಂ 180ರ ಆಸುಪಾಸು, ಸುಜುಕಿ 167, ಎಕ್ಸ್‌ಪಲ್ಸ್ ಕೂಡ ಹೆಚ್ಚುಕಡಿಮೆ ಅಷ್ಟೇ. ನಮ್ಮ ಮನೆಗಳ ಅಂಗಳ ಬಹುಪಾಲು ಗುಡ್ಡೆಯ ಇಳಿಜಾರಿನಲ್ಲಿರುತ್ತದೆ, ಮುರಕಲ್ಲಿನ ಮೇಲೆ ಆಟಿ ತಿಂಗಳಲ್ಲಿ ಪಾಚಿ ಕಟ್ಟುತ್ತದೆ, ಅಲ್ಲಿ ಬೈಕನ್ನು ಹಿಂದಕ್ಕೆ ತಳ್ಳಿ ತಿರುಗಿಸುವಾಗ 30 ಕಿಲೋ ಎಂಬುದು ಅಂಕಿಯಾಗಿ ಉಳಿಯುವುದಿಲ್ಲ. ಹಿಮಾಲಯನ್ ಓಡತೊಡಗಿದ ಮೇಲೆ ತನ್ನ ತೂಕವನ್ನು ಚೆನ್ನಾಗಿ ಮರೆಮಾಡುತ್ತದೆ, ನಿಂತಾಗ ಮರೆಮಾಡುವುದಿಲ್ಲ. ಐದೂವರೆ ಅಡಿಗಿಂತ ಕಡಿಮೆ ಎತ್ತರದವರು ಅದನ್ನು ಕೊಳ್ಳಬಾರದೆಂದಲ್ಲ, ಆದರೆ ಇಳಿಜಾರಿನಲ್ಲಿ ನಿಲ್ಲಿಸಿ ನೋಡದೆ ಕೊಳ್ಳಬಾರದು.

ಹಿಂದೆ ಕುಳಿತುಕೊಳ್ಳುವವರ ಆರಾಮವನ್ನು ಈ ವರ್ಗದ ಬೈಕುಗಳ ಬಗ್ಗೆ ಬರೆಯುವವರು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಕೊಲ್ಲೂರಿಗೋ ಧರ್ಮಸ್ಥಳಕ್ಕೋ ಜೊತೆಯಾಗಿ ಹೋಗುವುದೇ ಹೆಚ್ಚಿನವರ ದೂರದ ಸವಾರಿಯಾಗಿರುವ ಊರಿನಲ್ಲಿ ಅದು ಸಾಲದು. ಹಿಮಾಲಯನ್ ಇಲ್ಲಿ ಸ್ಪಷ್ಟವಾಗಿ ಮೇಲು: ಹಿಂದಿನ ಸೀಟು ಅಗಲ, ಹಿಡಿಯಲು ಗಟ್ಟಿ ಸರಳು, ಮತ್ತು 5,500 ಆರ್‌ಪಿಎಂನಲ್ಲಿಯೇ (ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) ಸಿಗುವ 40 ಎನ್‌ಎಂ ಟಾರ್ಕ್‌ನಿಂದಾಗಿ (ಎಳೆಯುವ ಬಲ) ಇಬ್ಬರ ಭಾರ ಹೊತ್ತು ಶಿರಾಡಿಯನ್ನು ಏರುವಾಗ ಲಾರಿಯ ಹಿಂದೆ ಸಿಕ್ಕಿಕೊಂಡರೂ ದಾಟಲು ಗೇರುಗಳ ಮೇಲೆ ಗೇರು ಇಳಿಸಬೇಕಾಗಿಲ್ಲ. ಸುಜುಕಿಯ 22.2 ಎನ್‌ಎಂ ಪೂರ್ತಿಯಾಗಿ ಸಿಗುವುದು 7,300 ಆರ್‌ಪಿಎಂನಲ್ಲಿ. ಒಬ್ಬರೇ ಇದ್ದಾಗ ಇದು ಗಮನಕ್ಕೆ ಬಾರದು, ಇಬ್ಬರು ಮತ್ತು ಎರಡು ಚೀಲಗಳಾದಾಗ ಘಾಟಿಯಲ್ಲಿ ಎಂಜಿನನ್ನು ಕೂಗಿಸಲೇಬೇಕು. ಕೆಟಿಎಂನ ಹಿಂದಿನ ಸೀಟು ಅರ್ಧ ದಿನಕ್ಕೆ ಸಾಕು. ಎಕ್ಸ್‌ಪಲ್ಸ್‌ನದು ಅಷ್ಟೂ ಸಾಲದು.

ವಿಶ್ವಾಸಾರ್ಹತೆಯ ವಿಷಯಕ್ಕೆ ಬಂದಾಗ ಎಂಜಿನು ಕೆಟ್ಟೀತೇ ಎಂಬ ಭಯವೇ ಮೊದಲು ಬರುತ್ತದೆ. ಈ ನಾಲ್ಕರ ಎಂಜಿನುಗಳೂ ಹೊತ್ತಿಗೆ ಎಣ್ಣೆ ಬದಲಿಸಿದರೆ ಸುಮ್ಮನೆ ಕೈಕೊಡುವಂಥವಲ್ಲ. ಇಲ್ಲಿ ದಾರಿಯಲ್ಲಿ ನಿಲ್ಲಿಸುವುದು ಎಂಜಿನ್ ಅಲ್ಲ, ಉಪ್ಪು ಮತ್ತು ನೀರು. ನನಗೇ ಒಮ್ಮೆ ಆದದ್ದನ್ನು ಹೇಳುತ್ತೇನೆ. ಬೈಕಿನ ಹೆಸರು ಬೇಡ, ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಇರುವ ಆ ರಸ್ತೆಯ ಬದಿಯಲ್ಲಿ ಇಡೀ ಸಂಜೆ ಬೈಕು ನಿಲ್ಲಿಸಿ, ಮನೆಗೆ ಬಂದು ತೊಳೆಯದೆ ವಾರಗಟ್ಟಲೆ ಬಿಟ್ಟಿದ್ದೆ. ಮಳೆಗಾಲದ ಮೊದಲ ಸವಾರಿಯಲ್ಲಿ ಚಾರ್ಮಾಡಿಯ ಅರ್ಧದಲ್ಲಿ ಎಂಜಿನ್ ಆರಿತು. ಸ್ಟ್ಯಾಂಡ್ ಕೆಳಗಿದ್ದರೆ ಎಂಜಿನ್ ಓಡದಂತೆ ತಡೆಯುವ ಸೈಡ್‌ಸ್ಟ್ಯಾಂಡಿನ ಸ್ವಿಚ್ಚಿನೊಳಗೆ ತುಕ್ಕು ಹಿಡಿದು, ಸ್ಟ್ಯಾಂಡ್ ಮೇಲಕ್ಕಿದ್ದರೂ ಕೆಳಗಿದೆ ಎಂದು ಬೈಕು ನಂಬಿಕೊಂಡಿತ್ತು. ಅದನ್ನು ಕಂಡುಹಿಡಿಯಲು ನನಗೆ ಒಂದೂವರೆ ಗಂಟೆ ಹಿಡಿಯಿತು, ಒರಸಿ ಸರಿಪಡಿಸಲು ಎರಡು ನಿಮಿಷ. ಆಮೇಲೆ ಯಾವ ಬೈಕನ್ನು ನೋಡಿದರೂ ಮೊದಲು ಅದರ ವೈರುಗಳ ಜೋಡಣೆಗಳು ಎಲ್ಲಿವೆ, ಮುಂಚಕ್ರದ ಕೆಸರು ಅವುಗಳಿಗೆ ನೇರವಾಗಿ ಎರಚುತ್ತದೆಯೇ ಎಂದು ಬಗ್ಗಿ ನೋಡುವ ಅಭ್ಯಾಸ ಬಂದುಬಿಟ್ಟಿದೆ.

ಹೀಗೆ ಬಗ್ಗಿ ನೋಡಿದಾಗ ಸರಳತೆಯೇ ಗೆಲ್ಲುತ್ತದೆ. ವಿ-ಸ್ಟ್ರಾಮ್ ಎಸ್‌ಎಕ್ಸ್‌ನ ಎಂಜಿನ್ 2019ರಿಂದ ಜಿಕ್ಸರ್ 250ರಲ್ಲಿ ಓಡುತ್ತಿರುವುದೇ. ಹೊಸತೇನೂ ಇಲ್ಲದಿರುವುದು ಇಲ್ಲಿ ಗುಣ. ಸವಾರಿಯ ಮೋಡುಗಳಿಲ್ಲ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಬಂದ್ ಮಾಡುವ ಸ್ವಿಚ್ಚಿಲ್ಲ, ಒದ್ದೆ ಘಾಟಿಯಲ್ಲಿ ಅದನ್ನು ಬಂದ್ ಮಾಡುವ ಅಗತ್ಯವೂ ಇಲ್ಲ. ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರು. ಕೆಟಿಎಂ ಎಕ್ಸ್‌ಗೂ ಅಲಾಯ್ ಚಕ್ರಗಳೇ. ಹಿಮಾಲಯನ್ 450 ಮಾರುಕಟ್ಟೆಗೆ ಬಂದಾಗ ಕಡ್ಡಿಚಕ್ರ ಮತ್ತು ಟ್ಯೂಬಿನೊಂದಿಗೆ ಬಂತು. ಟ್ಯೂಬ್‌ಲೆಸ್ ಕಡ್ಡಿಚಕ್ರ ಆಮೇಲೆ ಹೆಚ್ಚಿನ ಹಣಕ್ಕೆ ಸಿಗತೊಡಗಿತು. ಆ ಹಣವನ್ನು ಕೊಡಲೇಬೇಕು ಎಂಬುದು ನನ್ನ ಖಚಿತ ಮಾತು. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕರೆ ರಸ್ತೆಬದಿಯಲ್ಲೇ ಹತ್ತು ನಿಮಿಷದಲ್ಲಿ ತೂತಿಗೆ ರಬ್ಬರ್ ಬತ್ತಿ ತುರುಕಿ ಮುಂದೆ ಹೋಗಬಹುದು; ಟ್ಯೂಬಿನ ಹಿಂಚಕ್ರವನ್ನು ಕೆರೆಕಟ್ಟೆಯ ಕಾಡಿನಲ್ಲಿ, ಮಳೆಯಲ್ಲಿ, ಜಿಗಣೆಗಳ ನಡುವೆ ಬಿಚ್ಚುವ ಪ್ರಸಂಗ ಯಾರಿಗೂ ಬೇಡ. ಕಡ್ಡಿಗಳ ಬುಡದ ನಿಪ್ಪಲ್ಲುಗಳಿಗೆ ಉಪ್ಪುಗಾಳಿಯಲ್ಲಿ ತುಕ್ಕು ಹತ್ತುತ್ತದೆ ಎಂಬುದೂ ಕಡಲತೀರದವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಗತಿ.

ಕೆಟಿಎಂ ಬಗ್ಗೆ ಒಂದು ಮಾತನ್ನು ನೇರವಾಗಿ ಹೇಳಬೇಕು. 2020ರಲ್ಲಿ ಬಂದ ಹಳೆಯ 390 ಅಡ್ವೆಂಚರ್‌ನ 373 ಸಿಸಿ ಎಂಜಿನಿಗೂ 2025ರ ಹೊಸ 399 ಸಿಸಿ ಎಂಜಿನಿಗೂ ಸ್ವಭಾವದಲ್ಲಿ ಅಂತರ ದೊಡ್ಡದು. ಹಳೆಯದು ಕಡಿಮೆ ವೇಗದಲ್ಲಿ ಗುದ್ದುತ್ತಿತ್ತು, ಹೊಸದು ಬಹಳಷ್ಟು ಮೃದುವಾಗಿದೆ. ಆದರೂ ನಾಲ್ಕರಲ್ಲಿ ಅತಿ ಹೆಚ್ಚು ಎಲೆಕ್ಟ್ರಾನಿಕ್ಸ್ ನೆಚ್ಚಿಕೊಂಡಿರುವುದು ಇದೇ, ಆರೈಕೆಯಲ್ಲಿ ಅಸಡ್ಡೆಯನ್ನು ಸಹಿಸದಿರುವುದೂ ಇದೇ. ಎಣ್ಣೆ, ಕೂಲಂಟ್, ಚೈನು ಎಲ್ಲವನ್ನೂ ಪುಸ್ತಕದಲ್ಲಿ ಹೇಳಿದಂತೆ ನೋಡಿಕೊಳ್ಳುವವರ ಕೈಯಲ್ಲಿ ಅದು ಚೆನ್ನಾಗಿಯೇ ಬಾಳುತ್ತದೆ. ಸರ್ವಿಸ್ ಎಂದರೆ ಮುಂದಿನ ತಿಂಗಳು ನೋಡೋಣ ಎನ್ನುವವರಿಗೆ ಹೇಳಿ ಮಾಡಿಸಿದ ಬೈಕು ಅದಲ್ಲ.

ಎಕ್ಸ್‌ಪಲ್ಸ್‌ನ ಬಲ ಬೇರೆ ಕಡೆಯಲ್ಲಿದೆ. ಮಂಗಳೂರು ಮತ್ತು ಉಡುಪಿಯಲ್ಲಿ ನಾಲ್ಕೂ ಕಂಪನಿಗಳ ಸರ್ವಿಸ್ ಸಿಗುತ್ತದೆ. ಪ್ರಶ್ನೆ ಇರುವುದು ಹೆಬ್ರಿಯಲ್ಲಿ, ಕೊಟ್ಟಿಗೆಹಾರದಲ್ಲಿ, ಕೊಪ್ಪದಲ್ಲಿ ನಿಂತಾಗ. ಹೀರೋ ಬೈಕನ್ನು ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ ಇಲ್ಲದ ಪೇಟೆ ಮಲೆನಾಡಿನಲ್ಲಿ ಅಪರೂಪ. ಬಿದ್ದರೆ ಬಾಗಿದ ಲಿವರನ್ನು ನೆಟ್ಟಗೆ ಮಾಡಿಸಿ ಮನೆಗೆ ಬರಬಹುದು ಎಂಬ ಧೈರ್ಯವೂ ವಿಶ್ವಾಸಾರ್ಹತೆಯ ಒಂದು ಭಾಗವೇ.

ಮಳೆಗಾಲದ ಆರೈಕೆ ನಾಲ್ಕಕ್ಕೂ ಒಂದೇ, ಮತ್ತು ಇದನ್ನು ಮಾಡದವರಿಗೆ ಮೇಲಿನ ಹೋಲಿಕೆ ಅಷ್ಟಾಗಿ ಉಪಯೋಗಕ್ಕೆ ಬಾರದು. ಬೇಸಿಗೆಯಲ್ಲಿ 500 ಕಿಲೋಮೀಟರಿಗೊಮ್ಮೆ ಚೈನಿಗೆ ಎಣ್ಣೆ ಹಾಕಿದರೆ ನಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ದೀರ್ಘ ಸವಾರಿ ಮುಗಿಯುತ್ತಿದ್ದಂತೆಯೇ ಹಾಕಬೇಕು, ಏಕೆಂದರೆ ಒಂದೇ ಘಾಟಿಯ ಮಳೆ ಅದನ್ನು ತೊಳೆದುಬಿಡುತ್ತದೆ. ಕಡಲತೀರಕ್ಕೆ ಹೋಗಿ ಬಂದ ದಿನವೇ ಸಿಹಿನೀರಿನಿಂದ ತೊಳೆಯಬೇಕು. ತೀರದ ಕೆಲವು ಬಾವಿಗಳ ನೀರೇ ಬೇಸಿಗೆಯಲ್ಲಿ ಉಪ್ಪಾಗುವುದರಿಂದ ಅದನ್ನೂ ನಾಲಿಗೆಗೆ ತಾಗಿಸಿ ನೋಡುವುದು ಒಳ್ಳೆಯದು. ಮುಂಚಕ್ರವನ್ನು ಹಿಡಿದಿರುವ ಫೋರ್ಕಿನ ಹೊಳೆಯುವ ಕೊಳವೆಗಳನ್ನು ಒರಸಿಡಬೇಕು, ಅಲ್ಲಿ ತುಕ್ಕಿನ ಚುಕ್ಕೆ ಬಿದ್ದರೆ ಎಣ್ಣೆಯ ಸೀಲು ಹರಿಯಲು ತಡವಾಗುವುದಿಲ್ಲ. ಪೆಟ್ರೋಲಿನಲ್ಲಿ ಈಗ 20 ಶೇಕಡಾ ಎಥನಾಲ್ ಇರುತ್ತದೆ, ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ; ಆದ್ದರಿಂದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸುವುದಿದ್ದರೆ ಟ್ಯಾಂಕನ್ನು ಅರ್ಧ ಖಾಲಿ ಬಿಡಬಾರದು.

ಸ್ವಭಾವ ಅಥವಾ ವ್ಯಕ್ತಿತ್ವ ಎಂದು ಕರೆಯುವ ಗುಣವನ್ನು ಕೊನೆಗೆ ಇಟ್ಟುಕೊಂಡೆ. ಅದು ಅಮುಖ್ಯವೆಂದಲ್ಲ, ಎರಡನೇ ವರ್ಷದಲ್ಲಿ ಬೈಕನ್ನು ಮಾರುವುದೋ ಇಟ್ಟುಕೊಳ್ಳುವುದೋ ಎಂಬುದನ್ನು ನಿರ್ಧರಿಸುವುದು ಅದೇ. ಹಿಮಾಲಯನ್ 450, 2023ರ ನವೆಂಬರಿನಲ್ಲಿ ಬಂದಾಗ ಅದಕ್ಕೆ ಮೊದಲಿದ್ದ ಹಳೆಯ ಹಿಮಾಲಯನ್ 411ರ ಅಭಿಮಾನಿಗಳಿಗೆ ಸ್ವಲ್ಪ ನಿರಾಶೆಯಾಗಿತ್ತು. ಆ ಹಳೆಯ ಎಂಜಿನ್ 24 ಬಿಎಚ್‌ಪಿ ಇಟ್ಟುಕೊಂಡು ಎತ್ತಿನ ಗಾಡಿಯ ತಾಳ್ಮೆಯಿಂದ ಏರುತ್ತಿತ್ತು, ಮೂರನೇ ಗೇರಿನಲ್ಲಿಯೇ ಹೇರ್‌ಪಿನ್ ದಾಟಿಸುತ್ತಿತ್ತು. ಹೊಸ 452 ಸಿಸಿ ಎಂಜಿನಿಗೆ 40 ಪಿಎಸ್ (ಬಿಎಚ್‌ಪಿಗೆ ಬಹುಮಟ್ಟಿಗೆ ಸಮವಾದ ಅಳತೆ) ಶಕ್ತಿಯಿದೆ, ಆರು ಗೇರುಗಳಿವೆ, ಆದರೆ 3,000 ಆರ್‌ಪಿಎಂಗಿಂತ ಕೆಳಗೆ ಅದಕ್ಕೆ ಮನಸ್ಸಿಲ್ಲ. ಮೇಲಕ್ಕೆ ಹೋದಂತೆ ಉಸಿರು ತೆರೆಯುತ್ತದೆ. ಇದನ್ನು ಅರಿತು ಒಂದು ಗೇರು ಕೆಳಗೆ ಓಡಿಸುವುದನ್ನು ಕಲಿತವರಿಗೆ ಅದು ಇಡೀ ದಿನದ ಒಳ್ಳೆಯ ಸಂಗಾತಿ. ಕೆಟಿಎಂನ 46 ಪಿಎಸ್ ತದ್ವಿರುದ್ಧ ಜಾತಿಯದು: ಕುದುರೆಮುಖದ ತಿರುವುಗಳಲ್ಲಿ ಒಣ ಡಿಸೆಂಬರ್ ಬೆಳಿಗ್ಗೆ ಅದರಷ್ಟು ಖುಷಿ ಕೊಡುವ ಬೈಕು ಈ ಗುಂಪಿನಲ್ಲಿ ಇನ್ನೊಂದಿಲ್ಲ, ಆದರೆ ಅದು ಸದಾ ಇನ್ನಷ್ಟು ವೇಗಕ್ಕೆ ಕರೆಯುತ್ತಿರುತ್ತದೆ, ಆ ಕರೆಗೆ ಓಗೊಡುವ ಸ್ಥಳ ನಮ್ಮ ರಸ್ತೆಗಳಲ್ಲಿ ಕಡಿಮೆ. ಕುದುರೆಮುಖದ ದಾರಿ ಕಾಡುಪ್ರಾಣಿಗಳು ದಾಟುವ ರಾಷ್ಟ್ರೀಯ ಉದ್ಯಾನದ ರಸ್ತೆ ಎಂಬುದನ್ನೂ ಮರೆಯುವಂತಿಲ್ಲ.

ಸುಜುಕಿಗೆ ವ್ಯಕ್ತಿತ್ವವೇ ಇಲ್ಲ ಎಂದು ಹೇಳುವುದು ವಾಡಿಕೆ. ನಾನು ಒಪ್ಪುವುದಿಲ್ಲ. ಕಂಪನವಿಲ್ಲದೆ, ಗದ್ದಲವಿಲ್ಲದೆ, ಲೀಟರಿಗೆ 30 ಕಿಲೋಮೀಟರಿಗಿಂತ ಹೆಚ್ಚು ಕೊಟ್ಟು, 12 ಲೀಟರಿನ ಸಣ್ಣ ಟ್ಯಾಂಕಿನಲ್ಲಿಯೇ ನನ್ನ ಇಡೀ ಸುತ್ತನ್ನು ಮುಗಿಸಿ ಉಳಿಸುವುದು ಒಂದು ವ್ಯಕ್ತಿತ್ವವೇ. ಅದು ಅಡ್ವೆಂಚರ್ ಬೈಕಿನ ವೇಷ ತೊಟ್ಟ ಟೂರಿಂಗ್ ಬೈಕು. ಕಲ್ಲಿನ ಏರಿನಲ್ಲಿ ಅದರ ಮಿತಿ ಬೇಗ ಕಾಣುತ್ತದೆ. ಎಕ್ಸ್‌ಪಲ್ಸ್ 210 ಅಲ್ಲಿಂದಲೇ ಶುರುವಾಗುತ್ತದೆ. 24.6 ಪಿಎಸ್ ಅಷ್ಟೇ ಇದ್ದರೂ ಮುಂದೆ 21, ಹಿಂದೆ 18 ಇಂಚಿನ ಚಕ್ರಗಳು ಮತ್ತು 220 ಮಿ.ಮೀ. ನೆಲದ ಅಂತರದಿಂದ ಮೂಡಿಗೆರೆ ಕಡೆಯ ಹೋಂಸ್ಟೇಗಳಿಗೆ ಹೋಗುವ ಕೊನೆಯ ಎರಡು ಕಿಲೋಮೀಟರ್ ಕಾಫಿತೋಟದ ಕೆಸರು ಅದಕ್ಕೆ ಆಟವಿದ್ದಂತೆ. ಅಲ್ಲಿಗೆ ತಲುಪುವ ಮೊದಲ ನೂರು ಕಿಲೋಮೀಟರ್ ಹೆದ್ದಾರಿಯೇ ಅದಕ್ಕೆ ಕಷ್ಟ.

ಹಣದ ಲೆಕ್ಕದಲ್ಲಿ ಈಗ ಒಂದು ಹೊಸ ಗೆರೆ ಬಿದ್ದಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡವಕ್ಕೆ 40 ಶೇಕಡಾ ಆಯಿತು. ಸುಜುಕಿ ಮತ್ತು ಎಕ್ಸ್‌ಪಲ್ಸ್ ಗೆರೆಯ ಈಚೆಗಿವೆ, ಹಿಮಾಲಯನ್ ಮತ್ತು ಕೆಟಿಎಂ ಆಚೆಗೆ. ಮೊದಲೇ ಇದ್ದ ಬೆಲೆಯ ಅಂತರ ಇದರಿಂದ ಹಿಗ್ಗಿದೆ, ಆ ಅಂತರದಲ್ಲಿ ಒಳ್ಳೆಯ ರೈನ್‌ಕೋಟು, ಹೆಲ್ಮೆಟ್, ಬೂಟು, ಪೆಟ್ಟಿಗೆಗಳು ಎಲ್ಲವೂ ಬಂದುಬಿಡುತ್ತವೆ. ಗೆರೆಯ ಈಚೆಗೆ 2025ರ ಅಕ್ಟೋಬರಿನಲ್ಲಿ ಟಿವಿಎಸ್ ಅಪಾಚೆ ಆರ್‌ಟಿಎಕ್ಸ್ 300 ಕೂಡ ಬಂದು ನಿಂತಿದೆ. 36 ಪಿಎಸ್ ಶಕ್ತಿಯ ಅದು ಕಾಗದದ ಮೇಲೆ ಸುಜುಕಿ ಮತ್ತು ಕೆಟಿಎಂ ನಡುವಿನ ಖಾಲಿ ಜಾಗವನ್ನು ತುಂಬುತ್ತದೆ, ಆದರೆ ಎಂಜಿನ್ ಪೂರ್ತಿ ಹೊಸದಾದ್ದರಿಂದ ಕರಾವಳಿಯ ಎರಡು ಮಳೆಗಾಲವನ್ನಾದರೂ ಅದು ಕಳೆಯುವ ತನಕ ನಾನು ಅದನ್ನು ಈ ಸಾಲಿಗೆ ಸೇರಿಸುವುದಿಲ್ಲ.

ಒಬ್ಬರೇ ಅಥವಾ ಅಪರೂಪಕ್ಕೆ ಇಬ್ಬರು ಓಡಾಡುವ, ವಾರವಿಡೀ ಕಚೇರಿಗೂ ಅದೇ ಬೈಕು ಬೇಕೆನ್ನುವ ಮಂಗಳೂರಿಗರಿಗೆ ನನ್ನ ಮೊದಲ ಸಲಹೆ ಸುಜುಕಿ. ಸದಾ ಜೊತೆಯಲ್ಲಿ ಇನ್ನೊಬ್ಬರಿದ್ದು, ವರ್ಷಕ್ಕೆರಡು ಸಲ ಗೋವಾಕ್ಕೋ ಹಂಪಿಗೋ ಹೋಗುವವರಿಗೆ 17 ಲೀಟರ್ ಟ್ಯಾಂಕಿನ ಹಿಮಾಲಯನ್. ಮನೆಯಲ್ಲಿ ಇನ್ನೊಂದು ಸ್ಕೂಟರೋ ಕಾರೋ ಇರುವವರು ಮಾತ್ರ ಎಕ್ಸ್‌ಪಲ್ಸ್ ಅಥವಾ ಕೆಟಿಎಂ ಬಗ್ಗೆ ಯೋಚಿಸಲಿ. ಸೆಕೆಂಡ್‌ಹ್ಯಾಂಡ್ ಹಿಮಾಲಯನ್ 411 ಕೊಳ್ಳಬೇಕೆನ್ನುವವರು 2016ರ ಮೊದಲ ಕಾರ್ಬ್ಯುರೇಟರ್ ಕಂತನ್ನು ಬಿಟ್ಟು ಫ್ಯುಯೆಲ್ ಇಂಜೆಕ್ಷನ್ ಇರುವುದನ್ನು ಹುಡುಕಬೇಕು; ಕಡಲತೀರದ ಮನೆಯಲ್ಲಿ ಬೆಳೆದ ಬೈಕಿಗಿಂತ ಘಟ್ಟದ ಮೇಲಿನ ಊರಿನದು ಸಿಕ್ಕಿದರೆ ತುಕ್ಕಿನ ಚಿಂತೆ ಕಡಿಮೆ.

ಟೆಸ್ಟ್ ರೈಡಿಗೆ ಬೆಳಿಗ್ಗೆ ತಂಪಿನಲ್ಲಿ ಹೋಗಬೇಡಿ, ಮಧ್ಯಾಹ್ನ ಎರಡು ಗಂಟೆಗೆ ಹೋಗಿ. ಹಿಂದೆ ಕೂರುವವರನ್ನು ಕರೆದುಕೊಂಡೇ ಹೋಗಿ, ಸಾಧ್ಯವಾದರೆ ಮಣಿಪಾಲದ ಏರಿನಂಥ ಕಡೆ ಇಬ್ಬರೂ ಕುಳಿತು ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ. ಮರಳಿ ಬಂದ ಮೇಲೆ ಎಂಜಿನ್ ಆರಿಸಿ, ಇಳಿಜಾರಿನಲ್ಲಿ ಬೈಕಿನ ಪಕ್ಕದಲ್ಲಿ ನಿಂತು ಅದನ್ನು ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ. ಮಾರಾಟಗಾರರು ಸಹಾಯಕ್ಕೆ ಬಂದರೆ ಬೇಡವೆನ್ನಿ.